ಹೊಳೆಯ ಮೀನು ಹೊಳೆಯಲ್ಲೇ ಇರಲಿ

ಸಿಂಧನೂರಿನ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ ತರುವ ನೀರಿನಲ್ಲಿ ಮಲೆನಾಡಿನ ತುಂಗೆಯ ಪಾಲೂ ಇದೆ. ಆ ತುಂಗೆಯಲ್ಲಿ ಶಿವಮೊಗ್ಗದ ಬಳಿ ಸಿಕ್ಕ ಪುಟ್ಟ ಮೀನೊಂದನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ 1920ರಲ್ಲಿ ‘ಬೋಟಿಯಾ ಸ್ಟ್ರಯಾಟಾ’ ಎಂದು ಹೆಸರಿಸಿದರು. ಅಕ್ವೇರಿಯಂ ಅಂಗಡಿಗಳಲ್ಲಿ ಇದು ‘ಜೀಬ್ರಾ ಲೋಚ್’. ಬೆರಳುದ್ದದ ಮೈ ತುಂಬ ತೆಳ್ಳನೆಯ ಪಟ್ಟೆಗಳು, ಬಾಯಿಯ ಸುತ್ತ ಮೀಸೆ, ಕಣ್ಣಿನ ಕೆಳಗೆ ಹೆದರಿದಾಗ ನಿಮಿರುವ ಕವಲು ಮುಳ್ಳು. ಬಲೆಯಲ್ಲಿ ಎತ್ತಿದರೆ ಆ ಮುಳ್ಳು ನೂಲಿಗೆ ಸಿಕ್ಕಿಕೊಳ್ಳುತ್ತದೆ. ಕಲ್ಲು ಮರಳಿನ ತಳದಲ್ಲಿ ಗುಂಪಾಗಿ ಓಡಾಡುತ್ತ ಹುಳು, ಬಸವನಹುಳು ತಿಂದು ಬದುಕುವ ಈ ಮೀನು ಪಶ್ಚಿಮ ಘಟ್ಟದ ಹೊಳೆಗಳಿಗಷ್ಟೇ ಸೀಮಿತ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಇದನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ.

ಇಂಥ ಕಾಡುಹೊಳೆಯ ಮೀನುಗಳನ್ನು, ಅವು ನಮ್ಮ ಘಟ್ಟದವಾಗಲಿ, ವಿಯೆಟ್ನಾಂ, ಚೀನಾಗಳಿಂದ ಬಂದವಾಗಲಿ, ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮನೆಗಳಲ್ಲಿ ಸಾಕಬಾರದು. ಮೊದಲ ಕಾರಣ ನಮ್ಮ ಹವೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 35 ಡಿಗ್ರಿಗೆ ಅದು 7ಕ್ಕೆ ಇಳಿಯುತ್ತದೆ. ಬಿಸಿಯೇರಿದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ರಾಯಚೂರು ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬೋರ್‌ವೆಲ್ ನೀರು ಬಹುಪಾಲು ಗಡಸು. ಅದರ ಮೇಲೆ ಕರೆಂಟ್ ಹೋಗಿ ಏರ್ ಪಂಪ್ ನಿಂತರೆ, ಹರಿವ ತಂಪು ನೀರಿಗೆ ಒಗ್ಗಿದ ಮೀನು ಉಸಿರುಗಟ್ಟುತ್ತದೆ.

ಎರಡನೆಯ ಕಾರಣ ಇನ್ನೂ ದೊಡ್ಡದು. 2005ರಿಂದ 2012ರ ನಡುವೆ, ಅಳಿವಿನ ಭೀತಿಯಲ್ಲಿರುವ 30 ಜಾತಿಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಅಲಂಕಾರಕ್ಕಾಗಿ ಭಾರತದಿಂದ ಹೊರದೇಶಗಳಿಗೆ ಹೋದವು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅತಿ ಹೆಚ್ಚು ಹೋದವುಗಳಲ್ಲಿ ನಮ್ಮ ಜೀಬ್ರಾ ಲೋಚೂ ಒಂದು. ಇಂಥ ಬೋಟಿಯಾ ಲೋಚ್‌ಗಳು ಮನೆಯ ತೊಟ್ಟಿಯಲ್ಲಿ ಮರಿ ಮಾಡುವುದು ತೀರ ಅಪರೂಪ. ಹಾಗಾಗಿ ಹೊಳೆಯಿಂದ ಹಿಡಿದು ತಂದ ಮೀನು ಸತ್ತರೆ, ಅದರ ಜಾಗ ತುಂಬಲು ಮತ್ತೊಂದು ಮೀನು ಹೊಳೆಯಿಂದಲೇ ಬರಬೇಕು.

ಅಣೆಕಟ್ಟು, ಮರಳು ಗಣಿಗಾರಿಕೆ, ಕೀಟನಾಶಕಗಳು ಮಾಡುವ ಹಾನಿಯ ಮುಂದೆ ಹವ್ಯಾಸಿಗಳದು ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಆ ಹಾನಿ ದೊಡ್ಡದೆಂಬುದು ನಿಜ. ಆದರೆ ನೆಲೆ ಕಳೆದುಕೊಂಡು ಸಂಖ್ಯೆ ಕುಗ್ಗಿದ ಜೀವಿಗೇ ಹಿಡಿಯುವವರ ಕಾಟ ಹೆಚ್ಚು ಭಾರ. ಅಪರೂಪವಾದಷ್ಟೂ ಬೆಲೆ ಏರುವುದರಿಂದ ಕೊನೆಯ ಗುಂಪುಗಳಿಗೂ ಬಲೆ ಬೀಳುತ್ತದೆ. ಸಾಕುವವರಿಂದಲೇ ತಳಿ ಉಳಿಯುತ್ತದೆ ಎಂಬ ವಾದದಲ್ಲೂ ಹುರುಳಿದೆ: ಥಾಯ್ಲೆಂಡಿನ ‘ಕೆಂಪು ಬಾಲದ ಶಾರ್ಕ್’ ಎಂಬ ಅಕ್ವೇರಿಯಂ ಮೀನು ನದಿಯಲ್ಲಿ ಹೆಚ್ಚುಕಡಿಮೆ ಕಣ್ಮರೆಯಾಗಿ ಫಾರ್ಮುಗಳಲ್ಲಿ ಬದುಕಿದೆ. ಆದರೆ ಅದನ್ನು ಉಳಿಸಿದ್ದು ಮರಿ ಮಾಡಿಸುವವರ ಪರಿಶ್ರಮ; ಹಿಡಿದು ತಂದು ಗಾಜಿನೊಳಗೆ ಇಟ್ಟವರಲ್ಲ. ಇನ್ನು ಬಡ ಮೀನುಗಾರರ ಹೊಟ್ಟೆಪಾಡಿನ ಮಾತು. ಬರಿದಾದ ಹೊಳೆ ಅವರಿಗೂ ಅನ್ನ ಕೊಡದು. 2020ರ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ ಅಲಂಕಾರಿಕ ಮೀನು ಸಾಕಣೆ ಘಟಕಗಳಿಗೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇಟ್ಟಿತು. ದುಡಿಮೆಯ ದಾರಿ ಅಂಥ ಸಾಕಣೆಯಲ್ಲಿದೆ.

ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಯಾವ ದೊರೆಯ ಹೆಸರು ಪತ್ತೆಯಾಯಿತೋ, ಆ ಅಶೋಕ ತನ್ನ ಐದನೆಯ ಸ್ತಂಭ ಶಾಸನದಲ್ಲಿ ವರ್ಷದ ಕೆಲವು ದಿನಗಳಂದು ಮೀನು ಕೊಲ್ಲುವುದನ್ನಷ್ಟೇ ಅಲ್ಲ, ಮಾರುವುದನ್ನೂ ನಿಷೇಧಿಸಿದ್ದ. ಮಾರಾಟ ನಿಂತರೆ ಹಿಡಿಯುವುದೂ ನಿಲ್ಲುತ್ತದೆ. ಇಂದು ಆ ತಡೆ ಕೊಳ್ಳುವವರ ಕೈಯಲ್ಲಿದೆ. ಗಪ್ಪಿ, ಮೋಲಿಯಂಥ ಸಾಕುತಳಿಗಳು ನಮ್ಮ ಸೆಕೆಯನ್ನೂ ಗಡಸು ನೀರನ್ನೂ ತಾಳಿಕೊಳ್ಳುತ್ತವೆ, ಅವನ್ನು ಸಾಕಿ. ಬೇಡವಾದ ಮೀನನ್ನು ಕಾಲುವೆಗೋ ಕೃಷ್ಣೆಗೋ ಬಿಡಬೇಡಿ. ಹಾಗೆ ಬಿಟ್ಟ ಸಕ್ಕರ್ ಮೀನು ನಮ್ಮ ಎಷ್ಟೋ ಕೆರೆ, ನದಿಗಳಲ್ಲಿ ಈಗ ಹಬ್ಬಿ ಕುಳಿತಿದೆ. ಕೊಳ್ಳುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿ: ಈ ಮೀನು ಹುಟ್ಟಿದ್ದು ಹೊಳೆಯಲ್ಲೋ, ತೊಟ್ಟಿಯಲ್ಲೋ? ಉತ್ತರ ಸಿಗದಿದ್ದರೆ ಕೊಳ್ಳಬೇಡಿ.