ಹೊಟ್ಟೆ ಬಂದರೆ ‘ದುಬೈ ಒಗ್ಗಿದೆ’ ಎಂದಲ್ಲ

ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಹೋದಾಗ ನಮ್ಮಲ್ಲಿ ಹಲವರಿಗೆ ಸಿಗುವ ಮೊದಲ ಮಾತು ಒಂದೇ: ‘ಈ ಸಲ ಮೈಕೈ ತುಂಬಿಕೊಂಡಿದ್ದೀಯ ಮಗಾ, ದುಬೈ ಒಗ್ಗಿದೆ ನಿನಗೆ.’ ಕಳೆದ ವರ್ಷ ನಮ್ಮ ಗೆಳೆಯರೊಬ್ಬರು ತಾಯಿಯಿಂದ ಈ ಮಾತು ಕೇಳಿಸಿಕೊಂಡ ಹತ್ತನೇ ದಿನಕ್ಕೆ, ಹೊಟ್ಟೆ ಉಬ್ಬರ ಎಂದು ಊರಿನ ವೈದ್ಯರ ಬಳಿ ಹೋದರು. ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದಿತ್ತು. 150ರ ಒಳಗಿರಬೇಕಾದ ಟ್ರೈಗ್ಲಿಸರೈಡ್ 400 ದಾಟಿತ್ತು. ಅವರ ವಯಸ್ಸು 43.

‘ನಾನೇನು ದಿನಾ ಕುಡಿಯುವವನಲ್ಲವಲ್ಲ’ ಎಂಬುದು ಅವರ ಮೊದಲ ಪ್ರಶ್ನೆ. ಅದು ನಮ್ಮೆಲ್ಲರ ಪ್ರಶ್ನೆಯೂ ಹೌದು, ಏಕೆಂದರೆ ನಾವೂ ಆ ಕೂಟದವರೇ. ಇಲ್ಲಿ 2022ರ ಜನವರಿಯಿಂದ ಶನಿವಾರ, ಭಾನುವಾರ ವಾರದ ರಜೆ. ಶುಕ್ರವಾರ ಸಂಜೆ ಯಾರದೋ ರೂಮಿನಲ್ಲಿ ಸೇರುವುದು, ಶನಿವಾರ ಇನ್ನೊಮ್ಮೆ. ಮನೆಯವರು ದೂರ, ಸಂಜೆಗಳು ಉದ್ದ. ಹತ್ತು ಹನ್ನೆರಡು ವರ್ಷ ಹೀಗೇ ಕಳೆದಿವೆ.

ಗೆಳೆಯರ ವರದಿ ಬಂದ ಮೇಲೆ ಒಂದು ಶುಕ್ರವಾರ ನಾವು ಆರು ಜನ ಟೇಪು ಹಿಡಿದು ಸೊಂಟದ ಸುತ್ತಳತೆ ತೆಗೆದೆವು. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯದ ಸೂಚನೆ. ಆರರಲ್ಲಿ ಐವರು 90 ದಾಟಿದ್ದೆವು. ‘ನನ್ನ ಪ್ಯಾಂಟ್ ಸೈಜ್ ಹತ್ತು ವರ್ಷದಿಂದ ಬದಲಾಗಿಲ್ಲ’ ಎಂದು ವಾದಿಸಿದವರೂ ಇದ್ದರು. ನಿಜ, ಪ್ಯಾಂಟ್ ಬದಲಾಗಿರಲಿಲ್ಲ. ಬೆಲ್ಟ್ ಮಾತ್ರ ಹೊಟ್ಟೆಯ ಕೆಳಗೆ ಜಾರಿತ್ತು.

ಕಾಗದದ ಮೇಲಿನ ಲೆಕ್ಕ

ನಾವು ವೈದ್ಯರಲ್ಲ, ಲೆಕ್ಕ ಬರೆಯುವವರು. ಹಾಗಾಗಿ ಮೊದಲು ಲೆಕ್ಕವನ್ನೇ ನೋಡೋಣ. ಒಂದು ಗ್ರಾಂ ಸಕ್ಕರೆ ಅಥವಾ ಪಿಷ್ಟದಲ್ಲಿ 4 ಕ್ಯಾಲರಿ, ಕೊಬ್ಬಿನಲ್ಲಿ 9, ಮದ್ಯಸಾರದಲ್ಲಿ 7. ಮೂರು ಲಾರ್ಜ್ ವಿಸ್ಕಿ, ಅಂದರೆ ನಮ್ಮೂರ ಭಾಷೆಯಲ್ಲಿ ಒಂದು ಕ್ವಾರ್ಟರ್, 180 ಮಿ.ಲೀ. ಶೇ 40ರ ವಿಸ್ಕಿಯಾದರೆ ಅದರಲ್ಲಿ ಸುಮಾರು 57 ಗ್ರಾಂ ಮದ್ಯಸಾರ, 400 ಕ್ಯಾಲರಿ. ಎಣ್ಣೆ ಹಾಕದ ನಾಲ್ಕು ಚಪಾತಿಗೆ ಸಮ. ವಾರಕ್ಕೆ ಎರಡು ಸಂಜೆ ಎಂದರೂ ವರ್ಷಕ್ಕೆ 41,600 ಕ್ಯಾಲರಿ. ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಎಂದು ಹಿಡಿದರೆ ಐದು ಕಿಲೋಗಿಂತ ಹೆಚ್ಚು. ಬೆರೆಸುವ ಕೋಲಾ, ಜೊತೆಗಿನ ಚಿಕನ್ ಕಬಾಬ್, ಹುರಿದ ಕಡಲೆಬೀಜ ಇದರಲ್ಲಿ ಸೇರಿಲ್ಲ.

ದೇಹ ಇಷ್ಟು ನೇರವಾಗಿ ಜಮಾ ಖರ್ಚು ಬರೆಯುವುದಿಲ್ಲ, ಎಲ್ಲರೂ ವರ್ಷಕ್ಕೆ ಐದು ಕಿಲೋ ಏರುವುದೂ ಇಲ್ಲ. ಆದರೆ ಚಪಾತಿ ತಿಂದರೆ ಹೊಟ್ಟೆ ತುಂಬುತ್ತದೆ, ಮುಂದಿನ ಊಟ ಕಡಿಮೆಯಾಗುತ್ತದೆ. ಕುಡಿದ ಮೇಲೆ ಆಗುವುದು ತಿರುಗಾಮುರುಗಾ. ಹಸಿವು ಕೆರಳುತ್ತದೆ, ಕೈ ತಟ್ಟೆ ಬಿಡುವುದಿಲ್ಲ.

ಯಕೃತ್ತಿನಲ್ಲಿ ಮದ್ಯಕ್ಕೇ ಮೊದಲ ಸರದಿ

ಕ್ಯಾಲರಿಗಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಸಕ್ಕರೆ, ಕೊಬ್ಬುಗಳನ್ನು ಕೂಡಿಡಲು ದೇಹದಲ್ಲಿ ಜಾಗವಿದೆ. ಮದ್ಯಸಾರಕ್ಕೆ ಉಗ್ರಾಣವಿಲ್ಲ. ಅದು ವಿಷ, ಬಂದ ಕೂಡಲೇ ಕರಗಿಸಿ ಹೊರಹಾಕಬೇಕು. ಆದ್ದರಿಂದ ಯಕೃತ್ತು ಉಳಿದ ಕೆಲಸ ಬದಿಗಿಟ್ಟು ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತದೆ. ಮದ್ಯಸಾರ ಮೊದಲು ಅಸಿಟಾಲ್ಡಿಹೈಡ್ ಆಗಿ, ಬಳಿಕ ಅಸಿಟೇಟ್ ಆಗಿ ಬದಲಾಗುತ್ತದೆ. ಈ ಕೆಲಸ ನಡೆಯುವಷ್ಟು ಹೊತ್ತು ಕೊಬ್ಬು ಉರಿಯುವುದು ಬಹಳ ಕಡಿಮೆಯಾಗುತ್ತದೆ.

ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನಷ್ಟೇ ಕರಗಿಸಬಲ್ಲದು. 57 ಗ್ರಾಂ ಮುಗಿಸಲು ಆರರಿಂದ ಎಂಟು ಗಂಟೆ ಬೇಕು. ನಾವು ಮಲಗಿದ ಮೇಲೂ ಬೆಳಗಿನ ಜಾವದವರೆಗೆ ಅದು ದುಡಿಯುತ್ತಿರುತ್ತದೆ. ಮದ್ಯಸಾರದ ಸ್ವಲ್ಪ ಭಾಗವಷ್ಟೇ ಕೊಬ್ಬಾಗುತ್ತದೆ. ಆದರೆ ಅದರ ಜೊತೆ ತಿಂದ ಕಬಾಬಿನ ಎಣ್ಣೆ, ಬಿರಿಯಾನಿಯ ತುಪ್ಪ ಉರಿಯಲು ಸರದಿ ಸಿಗದೆ ಹೊಟ್ಟೆಯೊಳಗೂ ಯಕೃತ್ತಿನಲ್ಲೂ ಕೂಡುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ, ಬಿಪಿ ಏರುತ್ತದೆ, ಇನ್ಸುಲಿನ್ ಮಾತು ದೇಹ ಕೇಳುವುದಿಲ್ಲ.

ಮಧುಮೇಹ ಇದ್ದವರಿಗೆ ಇನ್ನೊಂದು ಅಪಾಯ. ರಾತ್ರಿ ಹೊಟ್ಟೆ ಖಾಲಿಯಿದ್ದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಯಕೃತ್ತು. ಮದ್ಯ ಅದನ್ನು ತಡೆಯುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ನಿದ್ದೆಯಲ್ಲೇ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಒಬ್ಬರೇ ಇರುವ ರೂಮಿನಲ್ಲಿ ಇದನ್ನು ಗಮನಿಸುವವರು ಯಾರು?

ತೆಳ್ಳಗಿದ್ದರೂ ನಂಬುವಂತಿಲ್ಲ

ಆರು ಜನರಲ್ಲಿ 90ರ ಒಳಗಿದ್ದವರು ನಿರಾಳವಾಗಿದ್ದರು. ಅವರಿಗೂ ಒಂದು ಮಾತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್‌ನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ದೇಹದ ಅಳತೆಯನ್ನೇ ಪ್ರಕಟಿಸಿದರು. ಎತ್ತರ, ತೂಕದಿಂದ ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಮದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮವರಲ್ಲಿ ತೆಳ್ಳಗೆ ಕಾಣುವ ಮೈಯಲ್ಲೂ ಕೊಬ್ಬು ಅಡಗಿರುತ್ತದೆ ಎಂಬುದನ್ನು ಅದು ತೋರಿಸಿತು. ಅಂಥ ಮೈಗೆ ಮದ್ಯವೂ ಸೇರಿದರೆ ಹೊರೆ ಇಮ್ಮಡಿ.

ಬಹುಕಾಲ ಹೆಚ್ಚು ಕುಡಿದವರಲ್ಲಿ ಕೊನೆಗೆ ಚಿತ್ರ ಬದಲಾಗುತ್ತದೆ. ಕೈಕಾಲಿನ ಸ್ನಾಯು ಕರಗುತ್ತದೆ, ಮುಖ ಸೊರಗುತ್ತದೆ, ಹೊಟ್ಟೆ ಮಾತ್ರ ದೊಡ್ಡದು. ಆಗ ಅದು ಕೊಬ್ಬಲ್ಲ, ಯಕೃತ್ತು ಗಟ್ಟಿಕಟ್ಟಿ ತುಂಬಿದ ನೀರಿರಬಹುದು. ಕಾಲು ಬಾವು, ಕಣ್ಣು ಹಳದಿಯಾಗುವುದು ಕಂಡರೆ ತಡಮಾಡುವಂತಿಲ್ಲ.

ಮನೆಯವರಲ್ಲಿ ನಮ್ಮ ವಿನಂತಿ

‘ವೀಸಾ ಮೆಡಿಕಲ್ ಪಾಸಾಗಿದೆ’ ಎಂದು ನಾವು ಫೋನಿನಲ್ಲಿ ಹೇಳಿದರೆ ಆರೋಗ್ಯ ಚೆನ್ನಾಗಿದೆ ಎಂದು ತಿಳಿಯಬೇಡಿ. ಆ ಪರೀಕ್ಷೆ ಮುಖ್ಯವಾಗಿ ಎಚ್‌ಐವಿ, ಕ್ಷಯದಂಥ ಸೋಂಕುಗಳನ್ನು ನೋಡುತ್ತದೆ. ಕೊಬ್ಬುಗಟ್ಟಿದ ಯಕೃತ್ತು ಅದರಲ್ಲಿ ಸಿಕ್ಕಿಬೀಳುವುದಿಲ್ಲ. ವಿಡಿಯೊ ಕಾಲ್‌ನಲ್ಲಿ ಕಾಣುವುದೂ ಮುಖ ಮಾತ್ರ.

ರಜೆಯ ಮೊದಲ ವಾರದಲ್ಲೇ ಸೊಂಟದ ಅಳತೆ, ಬಿಪಿ, ಶುಗರ್, ಟ್ರೈಗ್ಲಿಸರೈಡ್, ಲಿವರ್ ಪರೀಕ್ಷೆ ಮಾಡಿಸಿ. ವೈದ್ಯರ ಮುಂದೆ ಕುಡಿತದ ಲೆಕ್ಕವನ್ನು ಮುಚ್ಚಿಡದೆ ಹೇಳುವಂತೆ ಒತ್ತಾಯಿಸಿ. ಡ್ಯೂಟಿ ಫ್ರೀಯಿಂದ ಎರಡು ಲೀಟರ್ ತರಲು ಕಸ್ಟಮ್ಸ್ ಬಿಡುತ್ತದೆ ಎಂದು ಭಾವ, ಬಾಮೈದಂದಿರು ಅದಕ್ಕೆ ಕಾಯುವುದು ಬೇಡ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ.

ಸಮಾಧಾನದ ಸಂಗತಿಯೂ ಇದೆ. ಮದ್ಯದಿಂದ ಯಕೃತ್ತಿನಲ್ಲಿ ಕೂಡಿದ ಕೊಬ್ಬು ಆರಂಭದ ಹಂತದಲ್ಲಿ ಕುಡಿತ ಪೂರ್ತಿ ಬಿಟ್ಟರೆ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ಅಯ್ಯಪ್ಪ ಮಾಲೆ ಹಾಕಿ 41 ದಿನ ವ್ರತ ಮಾಡುವವರ ಮೈ ಹಗುರಾಗುವುದರಲ್ಲಿ ಇದರ ಪಾಲೂ ಇದೆ. ಮಾಲೆ ತೆಗೆದ ದಿನವೇ ಬಾಟಲಿ ತೆಗೆದರೆ ಮಾತ್ರ ಎಲ್ಲ ಮೊದಲಿನಂತೆ. ಒಂದು ಎಚ್ಚರಿಕೆ: ದಿನವೂ ಹೆಚ್ಚು ಕುಡಿಯುವವರನ್ನು ಆಣೆ ಹಾಕಿಸಿ ಒಮ್ಮೆಲೇ ನಿಲ್ಲಿಸಬೇಡಿ. ನಡುಕ, ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ವೈದ್ಯರ ಸಲಹೆಯಲ್ಲೇ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ನಮ್ಮ ಗೆಳೆಯರು ಕುಡಿತ ಬಿಟ್ಟು ಎಂಟು ತಿಂಗಳಾಯಿತು. ಶುಕ್ರವಾರದ ಕೂಟ ಈಗಲೂ ಇದೆ, ಊಟ ಎಂಟಕ್ಕೇ ಮುಗಿಯುತ್ತದೆ, ಬಳಿಕ ಎಲ್ಲರೂ ಒಂದು ಸುತ್ತು ನಡೆದು ಬರುತ್ತೇವೆ. ಎಲ್ಲರೂ ಬಿಟ್ಟಿದ್ದೇವೆ ಎಂದರೆ ಸುಳ್ಳಾಗುತ್ತದೆ. ಆದರೆ ಟೇಪು ಆ ರೂಮಿನ ಮೊಳೆಗೆ ಇನ್ನೂ ನೇತಾಡುತ್ತಿದೆ. ಈ ಸಲ ರಜೆಯಲ್ಲಿ ಅವರು ಊರಿಗೆ ಹೋದಾಗ ತಾಯಿ ಬಾಗಿಲಲ್ಲೇ ಗಾಬರಿಯಾಗಿ, ‘ಯಾಕೆ ಮಗಾ ಇಷ್ಟು ಸೊರಗಿದ್ದೀಯ?’ ಎಂದರಂತೆ. ಹೊಸ ವರದಿ ತೋರಿಸಿ ಅವರನ್ನು ಒಪ್ಪಿಸಲು ಎರಡು ದಿನ ಹಿಡಿಯಿತಂತೆ.