ಗುಂಡು ಎಡಕ್ಕೆ ಹೋದರೆ ತಪ್ಪು ಯಾರದು?

ಕಳೆದ ರಜೆಯಲ್ಲಿ ಎನ್‌ಸಿಸಿ ಶಿಬಿರಕ್ಕೆ ಹೋಗಿದ್ದಾಗ ನಾನು ಮೊದಲ ಸಲ .22 ರೈಫಲ್ ಹಿಡಿದೆ. ನೆಲದ ಮೇಲೆ ಮಲಗಿ, 25 ಮೀಟರ್ ದೂರದ ಗುರಿಹಲಗೆಗೆ ಐದು ಗುಂಡು ಹಾರಿಸಬೇಕಿತ್ತು. ನನ್ನ ಐದರಲ್ಲಿ ಎರಡು ಕಪ್ಪು ವೃತ್ತದೊಳಗೆ ಬಿದ್ದವು, ಉಳಿದ ಮೂರು ಮೂರು ದಿಕ್ಕಿಗೆ ಹೋದವು. ನನ್ನ ನಂತರ ಅದೇ ರೈಫಲ್ ಹಿಡಿದ ಗೆಳತಿಯ ಒಂದು ಗುಂಡೂ ವೃತ್ತಕ್ಕೆ ತಾಗಲಿಲ್ಲ. ಐದೂ ಎಡಗಡೆಯ ಬಿಳಿ ಕಾಗದದ ಮೇಲಿದ್ದವು. ನನಗೆ ಚಪ್ಪಾಳೆ ಸಿಕ್ಕಿತು, ಅವಳಿಗೆ ಸೊನ್ನೆ. ರಾತ್ರಿ ಅವಳು, "ನಾಳೆಯ ಫೈರಿಂಗ್‌ಗೆ ನಾನು ಹೆಸರು ಕೊಡುವುದಿಲ್ಲ ಮಾರಾಯ್ತಿ, ಇದು ನನ್ನಿಂದ ಆಗುವ ಕೆಲಸವಲ್ಲ" ಎಂದಳು. ನಾನು ಸಮಾಧಾನ ಹೇಳಿದೆನೇ ಹೊರತು ಅವಳ ಮಾತು ತಪ್ಪು ಎಂದು ನನಗೂ ಅನ್ನಿಸಲಿಲ್ಲ.

ಸೈನ್ಯದಿಂದ ಬರುವ ತರಬೇತುದಾರರನ್ನು ಶಿಬಿರದಲ್ಲಿ 'ಉಸ್ತಾದ್' ಎಂದು ಕರೆಯುತ್ತಾರೆ. ಮದ್ರಸದಲ್ಲಿ ಓದಿದ ನಮಗೆ ಆ ಪದ ಹೊಸದಲ್ಲ, ಆದರೆ ಬೂಟು ಹಾಕಿದ ಉಸ್ತಾದರನ್ನು ನಾನು ನೋಡಿದ್ದು ಅಲ್ಲೇ. ಮರುದಿನ ಬೆಳಿಗ್ಗೆ ಅವರು ನಮ್ಮಿಬ್ಬರ ಕಾಗದಗಳನ್ನು ಅಕ್ಕಪಕ್ಕ ಹಿಡಿದು, ಇದರಲ್ಲಿ ಒಳ್ಳೆಯದು ಯಾವುದು ಎಂದು ಕೇಳಿದರು. ಎಲ್ಲರೂ ನನ್ನದನ್ನು ತೋರಿಸಿದರು. ಉಸ್ತಾದ್ ತಲೆಯಾಡಿಸಿ, ಗೆಳತಿಯ ಐದು ತೂತುಗಳ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟರು. ಐದೂ ಮುಚ್ಚಿಹೋದವು. ನನ್ನ ಐದನ್ನು ಮುಚ್ಚಲು ಅವರ ಅಂಗೈ ಕೂಡ ಸಾಲಲಿಲ್ಲ.

ಇದರ ಅರ್ಥವೇನು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ಶಿಬಿರಕ್ಕೆ ಹೋಗುವ ಪ್ರಥಮ ಪಿಯುಸಿಯ ತಂಗಿಯರಿಗೆ ಉಪಯೋಗವಾಗಬಹುದು.

ಸೈಟ್ ಎಂದರೆ ಇಷ್ಟೇ

ನಮಗೆ ಕೊಟ್ಟದ್ದು ಬ್ರಿಟಿಷರ ಕಾಲದ .303 ರೈಫಲ್‌ನ ಮಾದರಿಯದು. ತರಬೇತಿಗಾಗಿ ಅದಕ್ಕೆ .22 ಇಂಚಿನ, ಅಂದರೆ ಸುಮಾರು 5.6 ಮಿ.ಮೀ. ಗುಂಡಿನ ನಳಿಗೆ ಹಾಕಿರುತ್ತಾರೆ. ಮ್ಯಾಗಜೀನ್ ಪೆಟ್ಟಿಗೆ ಇದ್ದರೂ ಅದರಲ್ಲಿ ಗುಂಡು ತುಂಬುವಂತಿಲ್ಲ. ಬೋಲ್ಟ್ ಎಳೆದು ಕೈಯಿಂದ ಒಂದು ಗುಂಡು ಇಡಬೇಕು, ಹಾರಿಸಬೇಕು, ಮತ್ತೆ ಎಳೆಯಬೇಕು. ಖಾಲಿ ಖೋಖಾ ಆ ಪೆಟ್ಟಿಗೆಯೊಳಗೆ ಬೀಳುತ್ತದೆ.

ಇದರಲ್ಲಿ ದುರ್ಬೀನು ಇಲ್ಲ. ಕಣ್ಣಿನ ಹತ್ತಿರ 'ಯು' ಆಕಾರದ ಕಚ್ಚು ಇರುವ ಬ್ಯಾಕ್ ಸೈಟ್, ನಳಿಗೆಯ ತುದಿಯಲ್ಲಿ ಸಣ್ಣ ಕಡ್ಡಿಯಂಥ ಫೋರ್ ಸೈಟ್. ಆ ಕಡ್ಡಿಗೆ ಪೆಟ್ಟು ಬೀಳದಂತೆ ಎರಡೂ ಬದಿಗೆ ಕಿವಿಗಳಂತೆ ಲೋಹದ ಕಾವಲು ಇರುತ್ತದೆ. ಕಡ್ಡಿಯ ತುದಿ ಯು ಕಚ್ಚಿನ ನಡುವೆ, ಅದರ ಮೇಲಂಚಿಗೆ ಸಮನಾಗಿ ಕಾಣಬೇಕು. ಹಾಗೆ ಹೊಂದಿಸಿದ ತುದಿಯನ್ನು ಗುರಿಯ ಮೇಲಿಡಬೇಕು. ಇದಕ್ಕೆ ಅಲ್ಲಿ 'ಶಿಸ್ತ್ ಲೇನಾ' ಎನ್ನುತ್ತಾರೆ.

ಇಲ್ಲಿ ಕಣ್ಣಿಗೊಂದು ಕಷ್ಟವಿದೆ. ಬ್ಯಾಕ್ ಸೈಟ್, ಫೋರ್ ಸೈಟ್, ಗುರಿ ಈ ಮೂರೂ ಬೇರೆ ಬೇರೆ ದೂರದಲ್ಲಿವೆ. ಕಣ್ಣಿನ ಮಸೂರ ಒಂದು ಸಲಕ್ಕೆ ಒಂದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ನಾವೆಲ್ಲ ಸಹಜವಾಗಿ ಗುರಿಯನ್ನು ನೋಡುತ್ತೇವೆ, ಸ್ಪಷ್ಟವಾಗಿ ಕಾಣಬೇಕಾದದ್ದು ಫೋರ್ ಸೈಟಿನ ತುದಿ. ಗುರಿ ಸ್ವಲ್ಪ ಮಸುಕಾದರೆ ತೊಂದರೆಯಿಲ್ಲ. ಏಕೆಂದರೆ ಎರಡೂ ಸೈಟ್ ಸರಿಯಾಗಿ ಹೊಂದಿ, ಇಡೀ ರೈಫಲ್ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೆ ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ. ಆದರೆ ಫೋರ್ ಸೈಟ್ ಕಚ್ಚಿನ ನಡುವಿನಿಂದ ಒಂದು ಮಿಲಿಮೀಟರ್ ಸರಿದರೆ ಕಥೆಯೇ ಬೇರೆ.

ಒಂದೂವರೆ ಮಿಲಿಮೀಟರಿನ ಲೆಕ್ಕ

ಹತ್ತನೇ ತರಗತಿಯ ಸಮರೂಪ ತ್ರಿಭುಜಗಳನ್ನು ನೆನಪಿಸಿಕೊಳ್ಳಿ. ಎರಡು ಸೈಟ್‌ಗಳ ನಡುವಿನ ಅಂತರ ಸುಮಾರು ಅರ್ಧ ಮೀಟರ್. ಗುರಿ 25 ಮೀಟರ್ ದೂರ, ಅಂದರೆ 50 ಪಟ್ಟು. ಫೋರ್ ಸೈಟಿನಲ್ಲಿ 1 ಮಿ.ಮೀ. ತಪ್ಪಾದರೆ ಗುರಿಯಲ್ಲಿ 50 ಮಿ.ಮೀ., ಅಂದರೆ 5 ಸೆಂ.ಮೀ. ತಪ್ಪುತ್ತದೆ. ಗೆಳತಿಯ ಗುಂಪು ನಡುವಿನಿಂದ 7.5 ಸೆಂ.ಮೀ. ಎಡಕ್ಕಿತ್ತು. 75 ಅನ್ನು 50ರಿಂದ ಭಾಗಿಸಿದರೆ 1.5 ಮಿ.ಮೀ. ಅವಳಿಗೆ ಸೊನ್ನೆ ಕೊಡಿಸಿದ್ದು ಇಷ್ಟೇ.

ಆದರೆ ಅದು ಸೈಟಿನದೇ ತಪ್ಪು ಎಂದು ಹೇಗೆ ಗೊತ್ತಾಯಿತು? ಉಸ್ತಾದ್ ಎರಡು ಪರೀಕ್ಷೆ ಮಾಡಿದರು. ಮೊದಲು ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ತಾವೇ ಐದು ಗುಂಡು ಹಾರಿಸಿದರು. ಅವರ ಗುಂಪೂ ಎಡಗಡೆ ಅದೇ ಜಾಗದಲ್ಲಿ ಬಿತ್ತು. ಆಮೇಲೆ ಗೆಳತಿಯ ಕೈಗೆ ಬೇರೆ ರೈಫಲ್ ಕೊಟ್ಟರು. ಗುಂಪು ನಡುವಿಗೆ ಬಂತು. ಜನ ಬದಲಾದರೂ ತಪ್ಪು ಬದಲಾಗಲಿಲ್ಲ, ರೈಫಲ್ ಬದಲಾದಾಗ ಹೋಯಿತು. ಇದು ನಮ್ಮ ಪ್ರಯೋಗಾಲಯದಲ್ಲಿ ಮಾಡುವಂತೆಯೇ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡುವುದು.

ಆಗ ನನಗೆ ಇನ್ನೊಂದು ವಿಷಯ ಹೊಳೆದು ಮುಖ ಕೆಂಪಾಯಿತು. ಎಡಕ್ಕೆ ಹೊಡೆಯುವ ರೈಫಲ್‌ನಿಂದ ನನ್ನ ಎರಡು ಗುಂಡು ನಡುವೆ ಬಿದ್ದವೆಂದರೆ, ಅವೂ ತಪ್ಪಿದ ಗುಂಡುಗಳೇ.

ಆರ್ಮರರ್ ಬಂದು ನೋಡಿದಾಗ ಫೋರ್ ಸೈಟ್ ತನ್ನ ಗಾಡಿಯಲ್ಲಿ ಬಲಕ್ಕೆ ಸರಿದಿತ್ತು. ಬುಡದಲ್ಲಿರುವ ಗುರುತಿನ ಗೆರೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಬಲಕ್ಕೆ ಸರಿದ ಕಡ್ಡಿಯನ್ನು ಕಚ್ಚಿನ ನಡುವೆ ತರಲು ನಾವು ನಮಗೆ ಗೊತ್ತಿಲ್ಲದೆಯೇ ನಳಿಗೆಯನ್ನು ಎಡಕ್ಕೆ ತಿರುಗಿಸುತ್ತೇವೆ. ಗುಂಡು ಎಡಕ್ಕೆ ಹೋಗುತ್ತದೆ. ಆದ್ದರಿಂದ ಸರಿಪಡಿಸುವ ನಿಯಮ ಹೀಗಿದೆ: ಫೋರ್ ಸೈಟನ್ನು ಗುಂಡು ತಪ್ಪುತ್ತಿರುವ ದಿಕ್ಕಿಗೇ ಸರಿಸಬೇಕು, ಬ್ಯಾಕ್ ಸೈಟನ್ನು ಗುಂಡು ಹೋಗಬೇಕಾದ ದಿಕ್ಕಿಗೆ ಸರಿಸಬೇಕು. ಎತ್ತರಕ್ಕೂ ಇದೇ ಮಾತು. ಗುಂಪು ಕೆಳಗೆ ಬೀಳುತ್ತಿದ್ದರೆ ಬ್ಯಾಕ್ ಸೈಟ್ ಏರಿಸಬೇಕು ಅಥವಾ ಗಿಡ್ಡ ಫೋರ್ ಸೈಟ್ ಹಾಕಬೇಕು.

ಎತ್ತರದ ವಿಷಯದಲ್ಲಿ ಗುರುತ್ವವೂ ಸೇರುತ್ತದೆ. .22 ಗುಂಡು ಸೆಕೆಂಡಿಗೆ ಸುಮಾರು 320 ಮೀಟರ್ ವೇಗದಲ್ಲಿ ಹೊರಟರೆ 25 ಮೀಟರ್ ತಲುಪಲು ಸುಮಾರು 0.08 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಸುಮಾರು 3 ಸೆಂ.ಮೀ. ಕೆಳಗೆ ಬೀಳುತ್ತದೆ. ಆದ್ದರಿಂದಲೇ ದೂರ ಬದಲಾದರೆ ಬ್ಯಾಕ್ ಸೈಟಿನ ಎತ್ತರವೂ ಬದಲಾಗಬೇಕು.

ಸೈಟ್ ಮುಟ್ಟುವ ಮೊದಲು

ಗುಂಡುಗಳು ಚದುರಿದ್ದರೆ ಸೈಟ್ ಸರಿಸಿ ಪ್ರಯೋಜನವಿಲ್ಲ. ಚದುರಿದ್ದು ಇನ್ನೊಂದು ಜಾಗದಲ್ಲಿ ಚದುರುತ್ತದೆ ಅಷ್ಟೆ. ಮೊದಲು ನೋಡಬೇಕಾದವು ಇವು:

1. ಗುಂಡುಗಳು ಮೇಲೆ ಕೆಳಗೆ ಉದ್ದಕ್ಕೆ ಸಾಲಾಗಿ ಬಿದ್ದಿದ್ದರೆ ಉಸಿರು ನೋಡಿಕೊಳ್ಳಿ. ಅರ್ಧ ಉಸಿರು ಬಿಟ್ಟು, ತಡೆದು, ಆಮೇಲೆ ಟ್ರಿಗರ್ ಒತ್ತಬೇಕು.

2. ಒಂದೊಂದು ಒಂದೊಂದು ಕಡೆ ಹೋಗಿದ್ದರೆ ಟ್ರಿಗರನ್ನು ಕಿತ್ತೆಳೆಯುತ್ತಿದ್ದೀರಿ, ಅಥವಾ ಸದ್ದಿಗೆ ಹೆದರಿ ಮೊದಲೇ ಕಣ್ಣು ಮುಚ್ಚುತ್ತಿದ್ದೀರಿ. ನನ್ನದು ಎರಡನೆಯದು.

3. ಗುಂಡು ಒಂದು ಬದಿಗೆ, ಸ್ವಲ್ಪ ಕೆಳಗೆ ಹೋಗುತ್ತಿದ್ದರೆ ರೈಫಲ್ ಆ ಬದಿಗೆ ವಾಲಿರಬಹುದು.

4. ಒಂದೇ ಒಂದು ಗುಂಡು ಬಹಳ ದೂರ ಹೋಗಿದ್ದರೆ, ಆ ಸಲ ಫೋರ್ ಸೈಟಿನ ಕಡ್ಡಿಯ ಬದಲು ಕಾವಲಿನ ಕಿವಿಯನ್ನು ಕಚ್ಚಿನಲ್ಲಿಟ್ಟು ನೋಡಿದ್ದೀರಾ ಎಂದು ಯೋಚಿಸಿ. ಹೊಸಬರು ಮಾಡುವ ತಪ್ಪು ಇದು.

5. ಬಿಸಿಲು ಬಲದಿಂದ ಬಿದ್ದರೆ ಕಡ್ಡಿಯ ಬಲಬದಿ ಹೊಳೆಯುತ್ತದೆ. ಕಣ್ಣು ಆ ಹೊಳಪನ್ನೇ ತುದಿ ಎಂದುಕೊಳ್ಳುತ್ತದೆ, ಗುಂಡು ಬೆಳಕಿನಿಂದ ದೂರ, ಎಡಕ್ಕೆ ಹೋಗುತ್ತದೆ. ಇದಕ್ಕೆ ಹಳೆಯ ಉಪಾಯವೆಂದರೆ ಸೈಟಿಗೆ ದೀಪದ ಮಸಿ ಹಿಡಿಸಿ ಹೊಳಪು ತೆಗೆಯುವುದು.

6. ಎರಡು ಬಿಗಿಯಾದ ಗುಂಪು ಬೇರೆ ಬೇರೆ ಕಡೆ ಬಿದ್ದಿದ್ದರೆ ಸೈಟ್ ಸಡಿಲವಾಗಿ ಅಲ್ಲಾಡುತ್ತಿರಬಹುದು. ಕೂಡಲೇ ಉಸ್ತಾದರಿಗೆ ಹೇಳಿ.

ಹೇಳುವುದು ಮಾತ್ರ ನಮ್ಮ ಕೆಲಸ. ಸೈಟ್ ಸರಿಸುವುದು, ಬಿಚ್ಚುವುದು ಆರ್ಮರರ್ ಕೆಲಸ. ರೈಫಲ್ ಖಾಲಿಯಿದೆ ಎಂದು ಬೋಲ್ಟ್ ತೆರೆದು ತೋರಿಸಿದ ಮೇಲೂ ನಳಿಗೆ ಯಾರ ಕಡೆಗೂ ತಿರುಗಬಾರದು. ಆಜ್ಞೆ ಬರುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು.

ಸೈಟ್ ಸರಿಯಾದ ಮೇಲೆ ಗೆಳತಿಯನ್ನು ಉಸ್ತಾದರೇ ಕರೆದರು. ಅವಳು ಹೋಗಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಈ ಸಲ ನಾನು "ಆಗಲಿ ಬಿಡು" ಎನ್ನಲಿಲ್ಲ, "ಹೋಗು" ಎಂದೆ. ಅದೇ ರೈಫಲ್, ಅದೇ ಐದು ಗುಂಡು. ಐದೂ ಕಪ್ಪು ವೃತ್ತದೊಳಗೆ ಬಿದ್ದವು. ಶೂಟಿಂಗ್ ತಂಡದ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರಿತ್ತು, ನನ್ನದಿರಲಿಲ್ಲ. ಪಟ್ಟಿ ಸರಿಯಾಗಿಯೇ ಇತ್ತು.

ಅವಳ ಸೊನ್ನೆಯ ಕಾಗದ ನನ್ನ ಹತ್ತಿರ ಇದೆ. ನೀವು ಶಿಬಿರಕ್ಕೆ ಹೋದಾಗ ಅಂಕ ಕಡಿಮೆ ಬಂದರೆ ಕಾಗದವನ್ನು ಹರಿದು ಎಸೆಯಬೇಡಿ. ಮೊದಲು ಅದರ ಮೇಲೊಂದು ಬೆಂಕಿಪೊಟ್ಟಣ ಇಟ್ಟು ನೋಡಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ