ಹನ್ನೊಂದು ಮಂದಿಗಿಂತ ಮೊದಲು ಮಣ್ಣು

ಕರ್ನಾಟಕದ ಸಾರ್ವಕಾಲಿಕ ಕ್ರಿಕೆಟ್ ತಂಡವನ್ನು ಆರಿಸುವ ಕೆಲಸ ಆರ್.ಟಿ. ನಗರದ ದರ್ಶಿನಿಗಳ ಮುಂದೆ, ಯಲಹಂಕ ನ್ಯೂಟೌನಿನ ಪಾರ್ಕುಗಳಲ್ಲಿ ವರ್ಷವಿಡೀ ನಡೆಯುತ್ತಲೇ ಇರುತ್ತದೆ. ರಾಹುಲ್ ದ್ರಾವಿಡ್, ಜಿ.ಆರ್. ವಿಶ್ವನಾಥ್, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಹೆಸರುಗಳಿಗೆ ಯಾರದೂ ತಕರಾರಿಲ್ಲ. ಐದನೆಯ ಹೆಸರಿಗೆ ದನಿ ಏರುತ್ತದೆ, ಎಂಟನೆಯದಕ್ಕೆ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ. ಯೋಗ್ಯರೆಂದು ಎಲ್ಲರೂ ಒಪ್ಪುವ 25 ಮಂದಿಯ ಪಟ್ಟಿ ಮೊದಲೇ ಕೈಯಲ್ಲಿದ್ದರೂ ಅದರಿಂದ 11 ಮಂದಿಯನ್ನು ಆರಿಸುವ ಬಗೆಗಳು 44,57,400. ಇಷ್ಟೊಂದರಲ್ಲಿ ಒಂದನ್ನು ಹಿಡಿಯಲು ಹೆಚ್ಚಿನವರು ನೆಚ್ಚುವುದು ಸರಾಸರಿಯನ್ನು: ಯಾರ ಸರಾಸರಿ ಮೇಲೋ ಅವರು ಒಳಗೆ. ಆದರೆ ಸರಾಸರಿ ಆ ನಾಲ್ಕೈದು ಹೆಸರುಗಳ ತನಕ ಮಾತ್ರ ದಾರಿ ತೋರಿಸೀತು. ಅಲ್ಲಿಂದಾಚೆ ಆಟಗಾರರ ನಡುವಿನ ಅಂತರ ಅಳತೆಯ ತಪ್ಪಿಗಿಂತ ಚಿಕ್ಕದು. ಉಳಿದ ಸ್ಥಾನ ತುಂಬಬೇಕಾದರೆ ಯಾವ ಪಿಚ್ಚಿನ ಮೇಲೆ, ಯಾರ ಜೊತೆ ಆಡಲು ಎಂದು ಮೊದಲು ಕೇಳಲೇಬೇಕು ಎಂಬುದು ಈ ಲೇಖನದ ವಾದ.

ಬೌಲರುಗಳಿಂದ ಶುರು ಮಾಡೋಣ, ಯಾಕೆಂದರೆ ಅಲ್ಲಿ ಸರಾಸರಿಯ ಸೋಲು ಕಣ್ಣಿಗೆ ಕಟ್ಟುವಂತಿದೆ. ಟೆಸ್ಟ್ ಪಂದ್ಯಗಳಲ್ಲಿ ಕುಂಬ್ಳೆ 619 ವಿಕೆಟ್‌ಗಳನ್ನು ತಲಾ 29.65 ರನ್ ಕೊಟ್ಟು ಪಡೆದರು. ಬಿ.ಎಸ್. ಚಂದ್ರಶೇಖರ್ 242 ವಿಕೆಟ್‌ಗಳನ್ನು 29.74ಕ್ಕೆ, ಎರಾಪಳ್ಳಿ ಪ್ರಸನ್ನ 189 ವಿಕೆಟ್‌ಗಳನ್ನು 30.38ಕ್ಕೆ, ಶ್ರೀನಾಥ್ 236 ವಿಕೆಟ್‌ಗಳನ್ನು 30.49ಕ್ಕೆ ಪಡೆದರು. ನಾಲ್ವರೂ ಒಂದು ರನ್ನಿನ ಒಳಗೇ ಇದ್ದಾರೆ. ಈ ಅಂತರಕ್ಕೆ ಅರ್ಥವಿದೆಯೇ? ಒಂದು ವಿಕೆಟ್‌ಗೂ ಮುಂದಿನ ವಿಕೆಟ್‌ಗೂ ನಡುವೆ ಬೌಲರ್ ಕೊಡುವ ರನ್ ವಿಪರೀತ ಏರಿಳಿಯುತ್ತದೆ. ಒಮ್ಮೆ 2, ಒಮ್ಮೆ 90. ಇಂಥ ಏರಿಳಿತವಿದ್ದಾಗ ಸರಾಸರಿಯನ್ನು ವಿಕೆಟ್‌ಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅನಿಶ್ಚಿತತೆಯ ಸ್ಥೂಲ ಅಂದಾಜು ಸಿಗುತ್ತದೆ. ಕುಂಬ್ಳೆಗೆ ಅದು ಸುಮಾರು 1.2 ರನ್, ಚಂದ್ರಶೇಖರ್‌ಗೆ 1.9, ಪ್ರಸನ್ನರಿಗೆ 2.2. ಕುಂಬ್ಳೆ ಮತ್ತು ಪ್ರಸನ್ನರ ನಡುವಿನ ಅಂತರ 0.73 ಮಾತ್ರ. ಎರಡು ಕ್ಯಾಚ್ ಕೈಜಾರಿದ್ದರೆ, ಒಬ್ಬ ಅಂಪೈರ್ ಬೆರಳೆತ್ತದೆ ಇದ್ದಿದ್ದರೆ ಅಳಿಸಿಹೋಗುವಷ್ಟು. ಇನ್ನೂ ಸೋಜಿಗದ್ದು, ಕುಂಬ್ಳೆ ಮತ್ತು ಚಂದ್ರಶೇಖರ್ ಇಬ್ಬರೂ ಒಂದು ವಿಕೆಟ್‌ಗೆ ಹಾಕಿದ್ದು ಹೆಚ್ಚುಕಡಿಮೆ 66 ಎಸೆತ. ದಶಮಾಂಶದ ಎರಡನೆಯ ಸ್ಥಾನಕ್ಕೆ ಹೋದರೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಹೀಗಿರುವಾಗ ಅಂಕಿಯ ಬಲದಿಂದ ಒಬ್ಬರನ್ನು ಇನ್ನೊಬ್ಬರಿಗಿಂತ ಮೇಲೆ ಕೂರಿಸುವುದು ಲೆಕ್ಕವಲ್ಲ, ಲೆಕ್ಕದ ವೇಷ.

ಬ್ಯಾಟಿಂಗ್‌ನಲ್ಲಿ ಇದೇ ತೊಡಕು ಬೇರೆ ರೂಪದಲ್ಲಿ ಬರುತ್ತದೆ. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದ ಕರುಣ್ ನಾಯರ್, ಮರುವರ್ಷ ತಂಡದಿಂದ ಹೊರಬಿದ್ದಾಗ ಅವರ ಟೆಸ್ಟ್ ಸರಾಸರಿ 62.33. ದ್ರಾವಿಡ್ ಅವರದು 52.31. ಸರಾಸರಿಯನ್ನೇ ನೆಚ್ಚುವವರು ಕರುಣ್ ಅವರನ್ನು ಮೂರನೆಯ ಕ್ರಮಾಂಕಕ್ಕೆ ತಂದು ದ್ರಾವಿಡ್ ಅವರನ್ನು ಕೆಳಗಿಳಿಸಬೇಕಿತ್ತು. ಯಾರೂ ಹಾಗೆ ಮಾಡಲಿಲ್ಲ, ಯಾಕೆಂದರೆ ಏಳೇ ಇನಿಂಗ್ಸ್‌ನ ಲೆಕ್ಕ ನಂಬಲರ್ಹವಲ್ಲವೆಂದು ಎಲ್ಲರ ಅನುಭವವೂ ಹೇಳುತ್ತದೆ. ಈ ಅಪನಂಬಿಕೆಗೆ ಸಂಖ್ಯಾಶಾಸ್ತ್ರದಲ್ಲಿ ಒಂದು ಶಿಸ್ತಾದ ವಿಧಾನವಿದೆ. ಬ್ರ್ಯಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ 1977ರಲ್ಲಿ ಅದನ್ನು ಜನಸಾಮಾನ್ಯರಿಗೆ ವಿವರಿಸಲು ಬಳಸಿದ್ದು ಅಮೆರಿಕದ 18 ಬೇಸ್‌ಬಾಲ್ ಆಟಗಾರರ 1970ರ ಅಂಕಿಗಳನ್ನು. ಮೊದಲ 45 ಅವಕಾಶಗಳಲ್ಲಿ ರೊಬರ್ಟೊ ಕ್ಲೆಮೆಂಟೆ 18 ಬಾರಿ ಯಶಸ್ವಿಯಾಗಿ 0.400ರ ಶಿಖರದಲ್ಲಿದ್ದರು, ಆ ವರ್ಷದ ಉಳಿದ ಭಾಗದಲ್ಲಿ 0.346ಕ್ಕೆ ಇಳಿದರು. ಪಾಠ ಇಷ್ಟು: ಸಣ್ಣ ಮಾದರಿಯ ಅಂಕಿಯನ್ನು ಇಡೀ ಗುಂಪಿನ ಸರಾಸರಿಯ ಕಡೆಗೆ ಎಳೆದರೆ ನಾಳೆಯ ಆಟವನ್ನು ಇನ್ನೂ ಚೆನ್ನಾಗಿ ಊಹಿಸಬಹುದು. ನಮ್ಮ ಲೆಕ್ಕಕ್ಕೆ, ಉದಾಹರಣೆಗೆಂದು, ಪ್ರತಿಯೊಬ್ಬರ ಖಾತೆಗೂ 35ರ ಸರಾಸರಿಯ 30 ಔಟ್‌ಗಳನ್ನು ಸೇರಿಸೋಣ. 254 ಬಾರಿ ಔಟಾದ ದ್ರಾವಿಡ್ 50.5ಕ್ಕೆ ಇಳಿಯುತ್ತಾರೆ, ಅಂದರೆ ಕದಲುವುದೇ ಇಲ್ಲ ಎನ್ನಬಹುದು. ಆರೇ ಸಲ ಔಟಾಗಿದ್ದ ಕರುಣ್ 62ರಿಂದ 39.6ಕ್ಕೆ ಬರುತ್ತಾರೆ. ಮುಂದೆ 2025ರಲ್ಲಿ ಅವರು ಇಂಗ್ಲೆಂಡ್ ಪ್ರವಾಸದಲ್ಲಿ ನಾಲ್ಕು ಟೆಸ್ಟ್ ಆಡಿದ ಮೇಲೆ ನಿಜವಾದ ಸರಾಸರಿ ನಿಂತದ್ದು 41.36ಕ್ಕೆ. ಒರಟು ಲೆಕ್ಕವಾದರೂ ಹತ್ತಿರಕ್ಕೇ ಬಂದಿತ್ತು.

ಇದೇ ತಕ್ಕಡಿಯಲ್ಲಿ ವಿಶ್ವನಾಥ್ ಅವರನ್ನಿಟ್ಟರೆ 41.93 ಇದ್ದದ್ದು 40.7 ಆಗುತ್ತದೆ. ಹಾಗಾದರೆ ವಿಶಿ ಮತ್ತು ಕರುಣ್ ಹೆಚ್ಚುಕಡಿಮೆ ಸಮಾನರೇ? ಇಲ್ಲಿ ಕಾಲವನ್ನು ಲೆಕ್ಕಕ್ಕೆ ತರಬೇಕು. ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಚೆಪಾಕ್‌ನಲ್ಲಿ, ಮದ್ರಾಸ್ ಮತ್ತು ನಮ್ಮ ಮೈಸೂರು ತಂಡಗಳ ನಡುವೆ. ಮೈಸೂರು 48 ಮತ್ತು 59ಕ್ಕೆ ಕುಸಿಯಿತು. 130 ಗಳಿಸಿದ ಮದ್ರಾಸ್ ಒಂದೇ ದಿನದಲ್ಲಿ ಇನಿಂಗ್ಸ್ ಜಯ ಪಡೆಯಿತು. ಆ ಪಂದ್ಯದಲ್ಲಿ ಎರಡೂ ತಂಡಗಳು ಸೇರಿ ಹೊಡೆದದ್ದು 237 ರನ್. ಅದೇ ಊರಿನಲ್ಲಿ ಕರುಣ್ ಒಬ್ಬರೇ ಹೊಡೆದದ್ದು 303. ಅಂದಿನವರು ದಡ್ಡರೆಂದಲ್ಲ. ಪಿಚ್, ಬ್ಯಾಟ್, ಕೈಗವಸು, ತಯಾರಿ ಎಲ್ಲವೂ ಬೇರೆ. ಹೀಗೆ ಕಾಲ ಬೇರೆಯಾದಾಗ ರನ್ನುಗಳನ್ನು ರನ್ನುಗಳ ಜೊತೆ ಹೋಲಿಸದೆ, ಆ ದಿನ ಅದೇ ಪಿಚ್ಚಿನಲ್ಲಿ ಉಳಿದವರು ಏನು ಮಾಡಿದರು ಎಂಬುದರ ಜೊತೆ ಹೋಲಿಸುವುದು ಮೇಲು. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ದಿನ ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥ್ ಅಜೇಯ 97, ಅಂದರೆ ಶೇ 51. ಕರುಣ್ ಅವರ 303 ಬಂದದ್ದು 7 ವಿಕೆಟ್‌ಗೆ 759ರಲ್ಲಿ, ಶೇ 40. ಹೆಲ್ಮೆಟ್ ಇಲ್ಲದೆ ಆಡಿದ 97 ಆ ಮುನ್ನೂರಕ್ಕಿಂತ ದೊಡ್ಡ ಆಟ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಈ ಅಳತೆಗೂ ಒಂದು ಮಿತಿಯಿದೆ: ಜೊತೆಗಾರರು ದುರ್ಬಲರಾದಷ್ಟೂ ಒಬ್ಬನ ಪಾಲು ಉಬ್ಬುತ್ತದೆ. ಸುನಿಲ್ ಗಾವಸ್ಕರ್ ಆ ಪಂದ್ಯದಲ್ಲಿ ಇರಲಿಲ್ಲ. ಆದರೂ ಕಾಲಭೇದವನ್ನು ಅಲಕ್ಷಿಸುವುದಕ್ಕಿಂತ ಈ ಮಿತಿಯ ಅಳತೆ ವಾಸಿ.

ಇನ್ನೊಂದು ಬಲೆ ಎದುರಾಳಿಯ ಮಟ್ಟದ್ದು. ದಾವಣಗೆರೆಯ ಆರ್. ವಿನಯ್ ಕುಮಾರ್ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ಪಡೆದದ್ದು ತಲಾ 22 ರನ್ನಿನ ಆಸುಪಾಸಿನಲ್ಲಿ. ಕುಂಬ್ಳೆಯ ಪ್ರಥಮ ದರ್ಜೆ ಸರಾಸರಿ 25.83. ಹಾಗೆಂದು ವಿನಯ್ ಮೇಲು ಎಂದಾಗದು. ಕುಂಬ್ಳೆಯ 1136 ವಿಕೆಟ್‌ಗಳಲ್ಲಿ ಅರ್ಧಕ್ಕೂ ಹೆಚ್ಚು ಟೆಸ್ಟ್ ಬ್ಯಾಟರುಗಳದ್ದು, ವಿನಯ್ ಆಡಿದ್ದು ಒಂದೇ ಟೆಸ್ಟ್. ಆದರೆ ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ತಂಡ ಕರ್ನಾಟಕದ್ದು ತಾನೆ? ಭಾರತಕ್ಕಾಗಿ ಲೋಕ ಸುತ್ತುತ್ತಿದ್ದವರು ರಣಜಿ ಆಡಿದ್ದು ಕಡಿಮೆ. 2013-14 ಮತ್ತು 2014-15ರಲ್ಲಿ ಸತತ ಎರಡು ಸಲ ರಣಜಿ ಟ್ರೋಫಿ ತಂದುಕೊಟ್ಟ ನಾಯಕ ವಿನಯ್. ಗದಗಿನ ಸುನಿಲ್ ಜೋಶಿ 1995-96ರ ಒಂದೇ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಹೊಡೆದು 52 ವಿಕೆಟ್ ಪಡೆದವರು. ಸಲ್ಲಿಸಿದ ಸೇವೆಯೇ ಮಾನದಂಡವಾದರೆ ಇಬ್ಬರೂ ಮೊದಲ ಐವರಲ್ಲೇ ಬರಬೇಕು, ಆಗ ತಂಡವೇ ಬೇರೆ. ಸೇವೆ ಮತ್ತು ಸಾಮರ್ಥ್ಯ ಎರಡು ಬೇರೆ ಪ್ರಶ್ನೆಗಳು. ಎರಡನ್ನೂ ಕಲಸಿ ವಾದಿಸುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ. ನಾಳೆ ಬೆಳಿಗ್ಗೆ ಪಂದ್ಯವಿದೆ, ಎಲ್ಲರೂ ತಮ್ಮ ಉತ್ತುಂಗದ ವಯಸ್ಸಿನಲ್ಲಿದ್ದಾರೆ ಎಂಬ ಕಲ್ಪನೆಯಿಂದ ಹೊರಟಿರುವ ಈ ಲೇಖನದ ಪ್ರಶ್ನೆ ಸಾಮರ್ಥ್ಯದ್ದು.

ಅಂಕಿಗಳನ್ನು ಬಿಡಿ, ಕಣ್ಣಾರೆ ನೋಡಿದವರ ಮಾತು ಕೇಳಿ ಎನ್ನುವವರಿದ್ದಾರೆ. ನೋಡಿದ ಕಣ್ಣಿಗೆ ಬೆಲೆಯಿದೆ. ಚಂದ್ರಶೇಖರ್ ಅವರ ಗೂಗ್ಲಿ ಪುಟಿಯುತ್ತಿದ್ದ ವೇಗವನ್ನು ಯಾವ ಸ್ಕೋರ್‌ಕಾರ್ಡೂ ಹೇಳದು. ಆದರೆ ನೆನಪಿಗೆ ತನ್ನದೇ ಒಲವುಗಳಿವೆ. ಸ್ಟೀವ್ ಜಾನ್ಸೆನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸಾರ್ವಕಾಲಿಕ ಶ್ರೇಷ್ಠ ಫುಟ್‌ಬಾಲ್ ಆಟಗಾರರನ್ನು ಹೆಸರಿಸಲು ಕೇಳಿದಾಗ, ಜನ ಹೆಚ್ಚಾಗಿ ತಮ್ಮ ಹದಿಹರೆಯದ ಕಾಲದಲ್ಲಿ ಮೆರೆದವರನ್ನೇ ಹೆಸರಿಸಿದರು. ಆ ವಯಸ್ಸಿನ ನೆನಪುಗಳು ಮನಸ್ಸಿನಲ್ಲಿ ದಟ್ಟವಾಗಿ ಉಳಿಯುತ್ತವೆ ಎಂಬುದು ಮನೋವಿಜ್ಞಾನದಲ್ಲಿ ಮತ್ತೆಮತ್ತೆ ಕಂಡ ಸಂಗತಿ. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಬಾಂಬೆಯ ಸತತ 15 ಪ್ರಶಸ್ತಿಗಳ ಓಟವನ್ನು ಪ್ರಸನ್ನ ನಾಯಕತ್ವದ ತಂಡ ಮುರಿದಾಗ ಹೈಸ್ಕೂಲಿನಲ್ಲಿದ್ದವರ ಪಟ್ಟಿಯೂ, 2015ರಲ್ಲಿ ಹೈಸ್ಕೂಲಿನಲ್ಲಿದ್ದವರ ಪಟ್ಟಿಯೂ ಒಂದಾಗದಿರುವುದು ಸಹಜ.

ಇನ್ನು ಪಿಚ್. ನಮ್ಮ ಕಲ್ಪಿತ ಪಂದ್ಯವನ್ನು ಉತ್ತರ ಬೆಂಗಳೂರಿನಲ್ಲೇ ಆಡಿಸೋಣ: ಯಲಹಂಕ ದಾಟಿ ವಿಮಾನ ನಿಲ್ದಾಣದ ಕಡೆಗಿರುವ, 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಬಿಸಿಸಿಐ ಉತ್ಕೃಷ್ಟತಾ ಕೇಂದ್ರದಲ್ಲಿ. ಈ ಜಾಗ ಆರಿಸಲು ಕಾರಣವಿದೆ. ಅಲ್ಲಿನ ಮುಖ್ಯ ಮೈದಾನದ ಪಿಚ್‌ಗಳು ಮುಂಬೈಯ ಕೆಂಪು ಮಣ್ಣಿನವು. ಪಕ್ಕದ ಮೈದಾನಗಳಲ್ಲಿ ಮಂಡ್ಯದ ಮಣ್ಣೂ ಒಡಿಶಾದ ಕಾಳಾಹಂಡಿಯ ಕಪ್ಪು ಮಣ್ಣೂ ಇವೆ. ಒಂದೇ ಆವರಣದಲ್ಲಿ ಎರಡು ಬಗೆಯ ಕ್ರಿಕೆಟ್. ಕಪ್ಪು ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಬಳಗದ ಖನಿಜಗಳು ಹೆಚ್ಚು. ಅವುಗಳ ಪದರಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ರೋಲರ್ ಹೊಡೆದಾಗ ಗಟ್ಟಿಯಾಗಿ ಕೂಡಿಕೊಂಡು ಬೇಗ ಪುಡಿಯಾಗದು, ಚೆಂಡು ನಿಧಾನವಾಗಿ, ತಗ್ಗಾಗಿ ಬರುತ್ತದೆ. ಕೆಂಪು ಮಣ್ಣಿನಲ್ಲಿ ಕೆಯೊಲಿನೈಟ್ ಮತ್ತು ಕಬ್ಬಿಣದ ಆಕ್ಸೈಡುಗಳು ಪ್ರಧಾನ. ಉಬ್ಬುವಿಕೆ ಕಡಿಮೆ, ಬೇಗ ಒಣಗುತ್ತದೆ, ಮೊದಲು ಪುಟಿತ ಚೆನ್ನಾಗಿ ಕೊಟ್ಟು ಆಮೇಲೆ ಮೇಲ್ಪದರ ಪುಡಿಯಾಗಿ ಚೆಂಡು ತಿರುಗುತ್ತದೆ. ಹೆಬ್ಬಾಳ-ಯಲಹಂಕ ನಡುವಿನ ಜಿಕೆವಿಕೆ ಕೃಷಿ ಕ್ಯಾಂಪಸ್ಸಿನ ಹೊಲಗಳಲ್ಲಿ ಕಾಣುವ ಮಣ್ಣೂ ಈ ಕೆಂಪು ಕುಲದ್ದೇ. ಜೊತೆಗೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಗಾಳಿಯ ಸಾಂದ್ರತೆ ಚೆನ್ನೈಗಿಂತ ಶೇ 8-9 ಕಡಿಮೆ. ತಿರುಗುವ ಚೆಂಡು ಗಾಳಿಯಲ್ಲಿ ವಾಲುವುದೂ ಥಟ್ಟನೆ ಇಳಿಯುವುದೂ ಗಾಳಿಯ ಸಾಂದ್ರತೆಯನ್ನೇ ಅವಲಂಬಿಸಿರುವುದರಿಂದ, ಪ್ರಸನ್ನರಂಥ ಗಾಳಿಯ ಕಲೆಗಾರನಿಗೆ ಇಲ್ಲಿ ಒಂದಿಷ್ಟು ನಷ್ಟ. ಆದರೆ ಅವರು ಆ ಕಲೆಯನ್ನು ಪಳಗಿಸಿದ್ದೇ ಈ ತೆಳುಗಾಳಿಯಲ್ಲಿ, ಅದು ಬೇರೆ ಮಾತು.

ಪಿಚ್ಚಿನ ಮಾತು ಅತಿಯಾಯಿತು ಎನ್ನುವವರಿಗೆ 1981-82ರ ಸೆಮಿಫೈನಲ್ ಸಾಕ್ಷಿ. ಚಿನ್ನಸ್ವಾಮಿ ಕ್ರೀಡಾಂಗಣದ ತಿರುಗುವ ಪಿಚ್‌ನಲ್ಲಿ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಮೊದಲ ಇನಿಂಗ್ಸ್‌ನಲ್ಲೇ ಬಾಂಬೆಯ 8 ವಿಕೆಟ್ ಕಿತ್ತರು. ಎರಡನೆಯ ಇನಿಂಗ್ಸ್‌ನಲ್ಲಿ ಅವರನ್ನು ತಡೆಯಲು ಗಾವಸ್ಕರ್, ಬಲಗೈ ಬ್ಯಾಟಿಂಗ್‌ನ ಆ ಗಾವಸ್ಕರ್, ಎಡಗೈಯಲ್ಲಿ ಆಡಿದರು. ಎರಡೇ ಟೆಸ್ಟ್ ಆಡಿದ ಬೌಲರ್ ಆ ಪಿಚ್ಚಿನ ಮೇಲೆ ಯಾವ ಹೆಸರಾಂತ ಬೌಲರಿಗೂ ಕಡಿಮೆಯಿರಲಿಲ್ಲ.

ಮಣ್ಣು ಗೊತ್ತಾದ ಮೇಲೆ ಉಳಿಯುವ ಪ್ರಶ್ನೆ, ಒಬ್ಬರನ್ನು ಬಿಟ್ಟರೆ ಅವರ ಬದಲಿಗೆ ಬರುವವರಿಂದ ತಂಡ ಎಷ್ಟು ಕಳೆದುಕೊಳ್ಳುತ್ತದೆ ಎಂಬುದು. ಬೇಸ್‌ಬಾಲ್ ವಿಶ್ಲೇಷಕರು ಆಟಗಾರನ ಬೆಲೆಯನ್ನು ಅಳೆಯುವುದೇ ಹೀಗೆ. ಕರ್ನಾಟಕಕ್ಕೆ ಮಧ್ಯಮ ಕ್ರಮಾಂಕ ಮತ್ತು ಸ್ಪಿನ್ ಎರಡರಲ್ಲೂ ಸಮೃದ್ಧಿ, ಆರಂಭಿಕರಿಗೆ ಮಾತ್ರ ಬರ. 1977-78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಸಂಜಯ್ ದೇಸಾಯಿ ಮತ್ತು ರೋಜರ್ ಬಿನ್ನಿ ಮುರಿಯದ 451ರ ಜೊತೆಯಾಟವಾಡಿದರೂ ಅದು ಒಂದು ದಿನದ ಮಾತು. ಹೀಗಾಗಿ ಟೆಸ್ಟ್‌ನಲ್ಲಿ 41ರ ಸರಾಸರಿಯ ಮಯಂಕ್ ಅಗರ್ವಾಲ್ ಮತ್ತು 2015ರಲ್ಲಿ ರಾಜ್ಯದ ಮೊದಲ ತ್ರಿಶತಕ ಹೊಡೆದ ಕೆ.ಎಲ್. ರಾಹುಲ್ ಇಬ್ಬರನ್ನೂ ನಾನು ಸಲೀಸಾಗಿ ಬರೆದುಕೊಳ್ಳುತ್ತೇನೆ. ಮೂರಕ್ಕೆ ದ್ರಾವಿಡ್, ನಾಲ್ಕಕ್ಕೆ ವಿಶ್ವನಾಥ್, ಐದಕ್ಕೆ ಪ್ರಥಮ ದರ್ಜೆಯ 37 ಶತಕಗಳ ಬ್ರಿಜೇಶ್ ಪಟೇಲ್. ಆರಕ್ಕೆ ಬಿನ್ನಿ: ಬ್ಯಾಟ್‌ನಲ್ಲಿ ಕರುಣ್ ಮೇಲು, ಒಪ್ಪಿದೆ, ಆದರೆ ಬಿನ್ನಿ ಹೊಸ ಚೆಂಡಿನಲ್ಲಿ ಶ್ರೀನಾಥ್‌ಗೆ ಜೊತೆಯಾದರೆ ಮೂರು ಸ್ಪಿನ್ನರುಗಳಿಗೆ ಜಾಗವಾಗುತ್ತದೆ.

ಕೀಪರ್ ವಿಷಯದಲ್ಲಿ ಗಂಭೀರ ಪ್ರತಿವಾದವಿದೆ. ಮೂಲ್ಕಿಯ ಬುಧಿ ಕುಂದರನ್ 1964ರಲ್ಲಿ ಮದ್ರಾಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದ ಆರಂಭಿಕ-ಕೀಪರ್. ಅವರು ಬಂದರೆ ಒಂದು ಸ್ಥಾನವೇ ಉಳಿತಾಯ. ಆದರೂ ಸೈಯದ್ ಕಿರ್ಮಾನಿ ಕಡೆಗೇ ತಕ್ಕಡಿ ವಾಲುತ್ತದೆ. ಕೈಬಿಟ್ಟ ಒಂದು ಅವಕಾಶದ ಬೆಲೆ ಹೆಚ್ಚುಕಡಿಮೆ ಒಂದು ವಿಕೆಟಿನ ಬೆಲೆ, ಅಂದರೆ 30 ರನ್ನಿನ ಆಸುಪಾಸು. ಕುಂಬ್ಳೆ, ಪ್ರಸನ್ನ, ಚಂದ್ರಶೇಖರ್ ಮೂವರೂ ಒಂದೇ ತಂಡದಲ್ಲಿದ್ದರೆ ಕೀಪರ್ ಬಳಿಗೆ ಬರುವ ಕಷ್ಟದ ಅವಕಾಶಗಳು ಮಾಮೂಲಿಗಿಂತ ಹೆಚ್ಚು. ಅವರಲ್ಲಿಬ್ಬರಿಗೆ ಕೀಪಿಂಗ್ ಮಾಡಿ ಪಳಗಿದ, 88 ಟೆಸ್ಟ್‌ಗಳಲ್ಲಿ 198 ಬಲಿ ಪಡೆದ ಕೈಗಳನ್ನು ಹೊರಗಿಟ್ಟರೆ ಉಳಿಸಿದ ಸ್ಥಾನದ ಲಾಭ ಸೋರಿಹೋಗುತ್ತದೆ.

ಕಪ್ಪು ಮಣ್ಣಿನ ಮೈದಾನಕ್ಕೆ ಪಂದ್ಯ ಸರಿದರೆ ಒಂದು ಬದಲಾವಣೆ ಬೇಕು. ಪುಟಿತವೇ ಚಂದ್ರಶೇಖರ್ ಅವರ ಅಸ್ತ್ರ, ಅಲ್ಲಿ ಅದು ಮೊಂಡಾಗುತ್ತದೆ. ತಗ್ಗಾಗಿ ನುಗ್ಗುವ ಲೆಗ್‌ಸ್ಪಿನ್‌ಗೆ ಕುಂಬ್ಳೆ ಇದ್ದೇ ಇದ್ದಾರೆ. ಸ್ಟಂಪಿಗೆ ನೇರವಾಗಿ ಹಾಕುವ ವಿನಯ್ ಆಗ ಹನ್ನೊಂದರೊಳಗೆ ಬರಲಿ, ಬ್ಯಾಟಿಂಗ್ ಬಾಲವೂ ತುಸು ಗಟ್ಟಿಯಾದೀತು. ಕೆಂಪು ಮಣ್ಣಾದರೆ ಮಾತ್ರ ಚಂದ್ರಶೇಖರ್ ಅವರನ್ನು ಬಿಡುವ ಮಾತಿಲ್ಲ. ಟೆಸ್ಟ್‌ನಲ್ಲಿ ಅವರ ವಿಕೆಟ್‌ಗಳು 242, ರನ್ನುಗಳು 167. ಹನ್ನೊಂದನೆಯವರ ತನಕ ಬ್ಯಾಟಿಂಗ್ ಬಾರದಂತೆ ನೋಡಿಕೊಳ್ಳುವುದು ಮೇಲಿನ ಹತ್ತು ಮಂದಿಯ ಹೊಣೆ.